ಆಟಗಾರ ಎಡವಿದಾಗ ನಮ್ಮ ಮಾತು

ಹೆಸರಾಂತ ಆಟಗಾರನೊಬ್ಬ ಕುಡಿದು ತಪ್ಪು ಮಾಡಿದನೆಂಬ ಸುದ್ದಿ ಬಂದಾಗ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. "ಇಂಥವನನ್ನು ತಂಡದಿಂದ ಓಡಿಸಬೇಕು" ಎಂಬುದು ಒಂದು. "ಕುಡಿದರೇನು, ಚೆನ್ನಾಗಿ ಆಡುತ್ತಾನಲ್ಲ!" ಎಂಬುದು ಇನ್ನೊಂದು. ಇವೆರಡರಲ್ಲಿ ಯಾವುದು ಆ ಮನುಷ್ಯನಿಗೆ ಹಿತ? ಇಂಗ್ಲೆಂಡಿನಲ್ಲಿ ನಡೆದ ಘಟನೆಯೊಂದರಿಂದ ಇದನ್ನು ವಿಚಾರಮಾಡೋಣ.

ಟೋನಿ ಆಡಮ್ಸ್ 1988ರಲ್ಲಿ, ತಮ್ಮ 21ನೆಯ ವಯಸ್ಸಿನಲ್ಲೇ, ಲಂಡನ್ನಿನ ಆರ್ಸೆನಲ್ ಫುಟ್‌ಬಾಲ್ ತಂಡದ ನಾಯಕರಾದರು. 1990ರ ಮೇ ತಿಂಗಳಲ್ಲಿ ಕುಡಿದು ಕಾರು ಓಡಿಸಿ ಗೋಡೆಗೆ ಗುದ್ದಿದರು. ಡಿಸೆಂಬರ್‌ನಲ್ಲಿ ನ್ಯಾಯಾಲಯ 4 ತಿಂಗಳ ಸೆರೆವಾಸ ವಿಧಿಸಿತು. ಸುಮಾರು 2 ತಿಂಗಳಲ್ಲಿ ಬಿಡುಗಡೆಯಾಗಿ ಬಂದಾಗ ಎದುರು ತಂಡಗಳ ಅಭಿಮಾನಿಗಳು ಹಂಗಿಸಿ ಕೂಗಿದರು. ಸ್ವಂತ ತಂಡದವರು ಚಪ್ಪಾಳೆ ತಟ್ಟಿ ಸ್ವಾಗತಿಸಿದರು. ನಾಯಕತ್ವವೂ ಉಳಿಯಿತು. 1991ರಲ್ಲಿ ತಂಡ ಲೀಗ್ ಪ್ರಶಸ್ತಿಯನ್ನೂ ಗೆದ್ದಿತು.

ಆದರೆ ಕುಡಿತ ನಿಂತಿತೇ? ಇಲ್ಲ, ಇನ್ನೂ ಐದು ವರ್ಷ ಮುಂದುವರಿಯಿತು. ಹಂಗಿಸಿದವರಿಗೆ ಅವರ ತಪ್ಪು ಮಾತ್ರ ಕಂಡಿತು, ಚಪ್ಪಾಳೆ ತಟ್ಟಿದವರಿಗೆ ಅವರ ಆಟ ಮಾತ್ರ ಕಂಡಿತು. ಅವರೊಳಗಿನ ರೋಗ ಇಬ್ಬರಿಗೂ ಕಾಣಲಿಲ್ಲ. 1996ರಲ್ಲಿ ಆಡಮ್ಸ್ ಕುಡಿತ ಬಿಟ್ಟು, ತಾವು ಮದ್ಯವ್ಯಸನಿಯೆಂದು ಜೊತೆ ಆಟಗಾರರ ಮುಂದೆ ಒಪ್ಪಿಕೊಂಡರು. ವ್ಯಸನಕ್ಕೆ ಸಿಕ್ಕ ಕ್ರೀಡಾಳುಗಳಿಗಾಗಿ 2000ರಲ್ಲಿ 'ಸ್ಪೋರ್ಟಿಂಗ್ ಚಾನ್ಸ್' ಎಂಬ ಚಿಕಿತ್ಸಾ ಕೇಂದ್ರವನ್ನು ಸ್ಥಾಪಿಸಿದರು.

ಕುಡಿದು ವಾಹನ ಓಡಿಸಿ ತನ್ನ ಹಾಗೂ ಪರರ ಜೀವಕ್ಕೆ ಅಪಾಯ ತರುವುದು ಗಂಭೀರ ಅಪರಾಧವೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ (2290) ಬೋಧಿಸುತ್ತದೆ. ಆದ್ದರಿಂದ ಶಿಕ್ಷೆ ನ್ಯಾಯವೇ. ಆದರೆ ಶಿಕ್ಷೆಯಾಯಿತೆಂದು ಹಂಗಿಸುವ ಹಕ್ಕು ನಮಗೆ ಬರುವುದಿಲ್ಲ. ತಪ್ಪನ್ನು ಮುಚ್ಚಿಡುವುದು ಕ್ಷಮೆಯೂ ಅಲ್ಲ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಸ್ತ್ರೀಯನ್ನು ಯೇಸುಸ್ವಾಮಿ ಕಲ್ಲೇಟಿನಿಂದ ಕಾಪಾಡಿದರು; ಇನ್ನು ಮುಂದೆ ಪಾಪ ಮಾಡಬಾರದೆಂದೂ ಹೇಳಿ ಕಳುಹಿಸಿದರು (ಯೊವಾನ್ನ 8). ಕರುಣೆಯೂ ಸತ್ಯವೂ ಅಲ್ಲಿ ಒಟ್ಟಿಗೇ ಇದ್ದವು.

ತಂದೆತಾಯಿಯರೇ, ಇಂಥ ಸುದ್ದಿ ಬಂದಾಗ ನೀವಾಡುವ ಮಾತು ಮಕ್ಕಳ ಕಿವಿಗೆ ಬೀಳುತ್ತದೆ. ನೀವು ನಕ್ಕು ಬಿಟ್ಟರೆ, ಪ್ರತಿಭೆಯಿದ್ದವನು ಏನು ಮಾಡಿದರೂ ನಡೆಯುತ್ತದೆಂದು ಮಗು ಕಲಿಯುತ್ತದೆ. ಹೀನಾಯವಾಗಿ ಬೈದರೆ, ಅಪ್ಪನೋ ಅಣ್ಣನೋ ಕುಡಿಯುವ ಮನೆಯ ಮಗು ಅದನ್ನು ಕೇಳಿ ತನ್ನ ದುಃಖವನ್ನು ಯಾರಿಗೂ ಹೇಳದೆ ನುಂಗಿಕೊಳ್ಳುತ್ತದೆ.

ಮನೆಯಲ್ಲಿ ಚರ್ಚಿಸಿ:
1. ಮೆಚ್ಚಿನ ಆಟಗಾರನಿಗೊಂದು ನ್ಯಾಯ, ಪಕ್ಕದ ಮನೆಯ ಕುಡುಕನಿಗೊಂದು ನ್ಯಾಯ ಎಂದು ನಾವು ನಡೆದುಕೊಳ್ಳುತ್ತಿದ್ದೇವೆಯೇ?
2. ಕುಡಿತ ಬಿಡಲು ಹೆಣಗುತ್ತಿರುವವರಿಗೆ ಈ ವಾರ ನಾವು ಮಾಡಬಹುದಾದ ಒಂದು ಸಹಾಯ ಯಾವುದು?