ಡಾಲ್ಫಿನ್ ಈಜು ಮತ್ತು ವಿಶೇಷ ಮಕ್ಕಳು: ಆರೋಗ್ಯ ಪ್ರಶ್ನೋತ್ತರ

ಪ್ರಶ್ನೆ: ಆಟಿಸಂ ಅಥವಾ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು ಡಾಲ್ಫಿನ್ ಜೊತೆ ಈಜಿದರೆ ಮಾತು, ನಡಿಗೆ ಸುಧಾರಿಸುತ್ತದೆಯೇ?

ಉತ್ತರ: ಸುಧಾರಿಸುತ್ತದೆ ಎನ್ನಲು ನಂಬಲರ್ಹ ಪುರಾವೆ ಇಲ್ಲ. ಈ ಚಿಕಿತ್ಸೆಯ ಕಲ್ಪನೆ ಹುಟ್ಟಿದ್ದು 1970ರ ದಶಕದ ಅಮೆರಿಕದಲ್ಲಿ. ಅದಕ್ಕೆ ನಾಂದಿ ಹಾಡಿದ ಸಂಶೋಧಕಿ ಬೆಟ್ಸಿ ಸ್ಮಿತ್ ಮುಂದೆ ತಾವೇ ಅದನ್ನು ಕೈಬಿಟ್ಟು ವಿರೋಧಿಸಿದರು. ಸಂಶೋಧಕರಾದ ಲೋರಿ ಮರೀನೊ ಮತ್ತು ಸ್ಕಾಟ್ ಲಿಲಿಯೆನ್‌ಫೆಲ್ಡ್ 1998ರಲ್ಲಿ ಒಮ್ಮೆ, 2007ರಲ್ಲಿ ಮತ್ತೊಮ್ಮೆ ಈ ಕುರಿತ ಅಧ್ಯಯನಗಳನ್ನು ಪರಿಶೀಲಿಸಿ, ಅವುಗಳ ವಿಧಾನದಲ್ಲೇ ದೊಡ್ಡ ದೋಷಗಳಿವೆ ಎಂದು ತೋರಿಸಿದರು. ಮಕ್ಕಳ ಸಂಖ್ಯೆ ಕಡಿಮೆ, ಹೋಲಿಸಿ ನೋಡಲು ಸರಿಯಾದ ಇನ್ನೊಂದು ಗುಂಪಿಲ್ಲ, ತಿಂಗಳುಗಳ ನಂತರ ಗುಣ ಉಳಿಯಿತೇ ಎಂಬ ಲೆಕ್ಕವೂ ಇಲ್ಲ. ಹೊಸ ಊರು, ಬೆಚ್ಚಗಿನ ನೀರು, ಇಡೀ ದಿನ ಜೊತೆಗಿರುವ ತಂದೆ-ತಾಯಿ ಸೇರಿದರೆ ಯಾವ ಮಗುವಾದರೂ ಅರಳುತ್ತದೆ. ಆ ಗೆಲುವಿನಲ್ಲಿ ಡಾಲ್ಫಿನ್‌ನ ಪಾಲೆಷ್ಟು ಎಂಬುದನ್ನು ಯಾರೂ ಬೇರ್ಪಡಿಸಿ ತೋರಿಸಿಲ್ಲ.

ಡಾಲ್ಫಿನ್ ನಗುಮುಖದ ಪ್ರಾಣಿಯಂತೆ ಕಂಡರೂ ಅದು ಅದರ ದವಡೆಯ ಆಕಾರ ಮಾತ್ರ. ಅದು ಕಚ್ಚಿದ, ಮೂತಿಯಿಂದ ಗುದ್ದಿದ, ಬಾಲದಿಂದ ಹೊಡೆದ ಘಟನೆಗಳು ದಾಖಲಾಗಿವೆ. ಕೆಲವು ಸೋಂಕುಗಳು ಅದರಿಂದ ಮನುಷ್ಯರಿಗೆ, ಮನುಷ್ಯರಿಂದ ಅದಕ್ಕೆ ದಾಟಬಲ್ಲವು. ತಪ್ಪಿಸಿಕೊಳ್ಳಲು, ನೋವಾಯಿತೆಂದು ಹೇಳಲು ಬಾರದ ಮಗುವನ್ನು ನೂರಾರು ಕಿಲೋ ತೂಕದ ಪ್ರಾಣಿಯ ಪಕ್ಕ ಇಳಿಸುವುದು ವೈದ್ಯಕೀಯವಾಗಿ ಸಮರ್ಥನೀಯವಲ್ಲ.

ಪ್ರಶ್ನೆ: ಭಾರತದಲ್ಲಿ ಅಂಥ ಈಜಿಗೆ ಅವಕಾಶವಿದೆಯೇ?

ಉತ್ತರ: ಇಲ್ಲ. ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯದ ಕೇಂದ್ರೀಯ ಮೃಗಾಲಯ ಪ್ರಾಧಿಕಾರವು 2013ರ ಮೇ ತಿಂಗಳಲ್ಲಿ, ಡಾಲ್ಫಿನ್ ಪ್ರದರ್ಶನಕೇಂದ್ರಗಳಿಗೆ ಅನುಮತಿ ಕೊಡಬಾರದೆಂದು ಎಲ್ಲ ರಾಜ್ಯಗಳಿಗೂ ಸೂಚಿಸಿತು. ಇಷ್ಟು ಬುದ್ಧಿವಂತ, ಸೂಕ್ಷ್ಮ ಪ್ರಾಣಿಯನ್ನು ಮನರಂಜನೆಗಾಗಿ ಕೊಳದಲ್ಲಿ ಕೂಡಿಹಾಕುವುದು ನೈತಿಕವಾಗಿ ಒಪ್ಪುವಂಥದ್ದಲ್ಲ ಎಂಬುದು ಅದರ ನಿಲುವು. ಆ ನಿರ್ಧಾರ ಸರಿಯಾದದ್ದೇ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ರಕ್ಷಣೆಯೂ ಡಾಲ್ಫಿನ್‌ಗಳಿಗಿದೆ.

ದುಬೈಯಂಥ ಊರುಗಳಲ್ಲಿ ಹಣ ಕೊಟ್ಟು ಡಾಲ್ಫಿನ್ ಜೊತೆ ನೀರಿಗಿಳಿಯುವ ವ್ಯವಸ್ಥೆಯಿದೆ. ಕೊಲ್ಲಿ ದೇಶಗಳಲ್ಲಿ ಬಂಧುಗಳಿರುವ ಕುಟುಂಬಗಳು ಅತ್ತ ಯೋಚಿಸುವುದು ಸಹಜ. ಆದರೆ ವಿಮಾನ, ವೀಸಾ, ಪ್ರವೇಶ ಶುಲ್ಕ ಸೇರಿದರೆ ತಗಲುವ ಹಣದಲ್ಲಿ ಊರಿನಲ್ಲೇ ತಿಂಗಳುಗಟ್ಟಲೆ ಫಿಸಿಯೋಥೆರಪಿ, ವಾಕ್ ಚಿಕಿತ್ಸೆ ಕೊಡಿಸಬಹುದು. ಒಂದೆರಡು ದಿನದ ಅನುಭವಕ್ಕಾಗಿ ನಡೆಯುತ್ತಿರುವ ಥೆರಪಿ ನಿಂತರೆ ಮಗುವಿಗೆ ನಷ್ಟವೇ ಹೆಚ್ಚು.

ಮಗುವಿಗೆ ಡಾಲ್ಫಿನ್ ಮೇಲೆ ನಿಜವಾದ ಪ್ರೀತಿಯಿದ್ದರೆ ಕಾರವಾರದ ಕಡಲಿದೆ. ದೇವಬಾಗ, ಕೂರ್ಮಗಡದ ಸುತ್ತಿನ ನೀರಿನಲ್ಲಿ ಡುಬ್ಬದ ಡಾಲ್ಫಿನ್‌ಗಳು ಕಾಣಸಿಗುತ್ತವೆ. ದೋಣಿಯಲ್ಲೇ ಕುಳಿತು ದೂರದಿಂದ ನೋಡಬಹುದು. ಮಳೆಗಾಲದ ಕಡಲು ಇದಕ್ಕೆ ತಕ್ಕುದಲ್ಲ. ಮಗುವಿನ ಅಳತೆಗೆ ಸರಿಹೊಂದುವ ಲೈಫ್ ಜಾಕೆಟ್ ದೋಣಿಯಲ್ಲಿ ಇಲ್ಲದಿದ್ದರೆ ಹತ್ತಬಾರದು. ಆದರೆ ಕಲಬುರಗಿಯಂಥ ಒಳನಾಡಿನ ಊರಿನಿಂದ ಹೊರಡುವವರಿಗೆ ಕರಾವಳಿಯ ದಾರಿ ದೂರ. ರಾತ್ರಿ ನಿದ್ದೆ ಕೆಟ್ಟರೆ ಮೂರ್ಛೆ ಇರುವ ಮಕ್ಕಳಿಗೆ ಫಿಟ್ಸ್ ಬರುವ ಸಂಭವ ಹೆಚ್ಚು. ಆದ್ದರಿಂದ ತಲುಪಿದ ದಿನವೇ ದೋಣಿ ಏರದೆ, ಒಂದು ದಿನ ವಿಶ್ರಾಂತಿ ಕೊಡಬೇಕು.

ಪ್ರಶ್ನೆ: ಹಾಗಾದರೆ ನೀರಿನಿಂದ ಪ್ರಯೋಜನವೇ ಇಲ್ಲವೇ?

ಉತ್ತರ: ಇದೆ, ಅದೂ ಸಾಕಷ್ಟು. ನೀರು ದೇಹದ ಭಾರವನ್ನು ಹೊರುತ್ತದೆ. ನೆಲದ ಮೇಲೆ ನಿಲ್ಲಲಾಗದ ಮಗು ಎದೆಮಟ್ಟದ ನೀರಿನಲ್ಲಿ ನಿಲ್ಲಬಲ್ಲದು, ಹೆಜ್ಜೆ ಇಡಲು ಯತ್ನಿಸಬಲ್ಲದು. ಸೆರೆಬ್ರಲ್ ಪಾಲ್ಸಿ ಇರುವ ಹೆಚ್ಚಿನ ಮಕ್ಕಳಲ್ಲಿ ಸ್ನಾಯುಗಳು ಬಿಗಿದುಕೊಂಡಿರುತ್ತವೆ. 32ರಿಂದ 34 ಡಿಗ್ರಿ ಸೆಲ್ಸಿಯಸ್‌ನ ಬೆಚ್ಚಗಿನ ನೀರು ಆ ಬಿಗಿತವನ್ನು ಸಡಿಲಿಸುತ್ತದೆ, ತಣ್ಣೀರು ಹೆಚ್ಚಿಸುತ್ತದೆ. ಆಟಿಸಂ ಇರುವ ಹಲವು ಮಕ್ಕಳಿಗೆ ಮೈಸುತ್ತ ನೀರಿನ ಸಮನಾದ ಒತ್ತಡ ಹಿತವೆನಿಸುತ್ತದೆ.

ಈ ದಾರಿಯಲ್ಲಿ ಹೆಸರಾದದ್ದು ಹ್ಯಾಲಿವಿಕ್ ಪದ್ಧತಿ. ಜೇಮ್ಸ್ ಮ್ಯಾಕ್‌ಮಿಲನ್ 1949ರಲ್ಲಿ ಲಂಡನ್ನಿನ ಹ್ಯಾಲಿವಿಕ್ ಶಾಲೆಯ ಅಂಗವಿಕಲ ಬಾಲಕಿಯರಿಗೆ ಈಜು ಕಲಿಸುತ್ತ ಇದನ್ನು ರೂಪಿಸಿದರು. ಇಲ್ಲಿ ಗಾಳಿ ತುಂಬಿದ ಟ್ಯೂಬು ಕಟ್ಟುವುದಿಲ್ಲ. ಒಂದು ಮಗುವಿಗೆ ಒಬ್ಬ ಹಿರಿಯರು ನೀರಿನಲ್ಲೇ ಜೊತೆಗಿರುತ್ತಾರೆ. ಮೊದಲ ಪಾಠ ಕೈಕಾಲು ಬಡಿಯುವುದಲ್ಲ, ಉಸಿರು. ಮಗುವಿನ ಬಾಯಿ ನೀರಿನ ಮೇಲ್ಮೈಗೆ ತಾಗುವಂತೆ ಹಿಡಿದು, ಗುಳ್ಳೆ ಬರುವ ಹಾಗೆ ಊದಿಸುತ್ತಾರೆ. ನೀರು ಮುಖಕ್ಕೆ ಬಂದಾಗ ಊದಬೇಕು, ಎಳೆದುಕೊಳ್ಳಬಾರದು ಎಂಬುದು ಹೀಗೆ ರೂಢಿಯಾಗುತ್ತದೆ. ಆಮೇಲೆ ಅಂಗಾತ ತೇಲುವುದು, ಮಗ್ಗುಲಾಗುವುದು, ಮತ್ತೆ ನೆಟ್ಟಗಾಗುವುದು. ಹಿಡಿದ ಕೈಯ ಆಸರೆ ದಿನಗಳೆದಂತೆ ಕಡಿಮೆಯಾಗುತ್ತ ಬರುತ್ತದೆ.

ಪ್ರಶ್ನೆ: ಕಲಬುರಗಿಯ ಗಾಜಿಪುರದಲ್ಲೋ ಕಮಲಾಪುರದಲ್ಲೋ ಇರುವ ಕುಟುಂಬ ಇದನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ: ಮನೆಯ ಬಚ್ಚಲಿನಿಂದ. ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಕೂರಿಸಿ, ಚೊಂಬಿನಿಂದ ಭುಜದ ಮೇಲೆ, ಆಮೇಲೆ ತಲೆಯ ಮೇಲೆ ನೀರು ಸುರಿದು ರೂಢಿ ಮಾಡಿಸಬೇಕು. ಗುಳ್ಳೆ ಊದುವ ಆಟವನ್ನು ಇಲ್ಲೇ ಕಲಿಸಬಹುದು. ಆಟ ಮುಗಿದ ಕೂಡಲೇ ಟಬ್ಬು ಖಾಲಿ ಮಾಡಬೇಕು.

ಮುಂದಿನ ಹಂತ ಈಜುಕೊಳ. ಮೊದಲ ದಿನ ನೀರಿಗಿಳಿಸದೆ ಬರೀ ತೋರಿಸಿ ಬಂದರೂ ಸಾಕು. ಕೊಳ, ಬಟ್ಟೆ ಬದಲಿಸುವ ಕೋಣೆ, ಮೆಟ್ಟಿಲು ಇವುಗಳ ಫೋಟೊಗಳನ್ನು ಕ್ರಮವಾಗಿ ಜೋಡಿಸಿ ಮನೆಯಲ್ಲಿ ದಿನವೂ ತೋರಿಸಿದರೆ ಆಟಿಸಂ ಇರುವ ಮಗುವಿನ ಗಾಬರಿ ತಗ್ಗುತ್ತದೆ. ಗದ್ದಲವಿಲ್ಲದ ಹೊತ್ತು ಆರಿಸಬೇಕು. ತಳ ಸ್ಪಷ್ಟವಾಗಿ ಕಾಣದ, ನೀರು ಕಲಕಿದ ಕೊಳಕ್ಕೆ ಇಳಿಸಬಾರದು. ಕ್ಲೋರಿನ್ ಯಾವಾಗ ಪರೀಕ್ಷಿಸಿದರು ಎಂದು ಕೇಳುವ ಹಕ್ಕು ಪಾಲಕರಿಗಿದೆ; ಮುಕ್ತ ಕ್ಲೋರಿನ್ ಕನಿಷ್ಠ 1 ಪಿಪಿಎಂ, ಪಿಎಚ್ 7.2ರಿಂದ 7.8ರೊಳಗೆ ಇರಬೇಕು. ಭೇದಿಯಾಗುತ್ತಿದ್ದರೆ ಆ ದಿನಗಳಲ್ಲಿ ಕೊಳ ಬೇಡ.

ಕಲಬುರಗಿಯ ಬೇಸಿಗೆ ಬೇರೆಯೇ ಎಚ್ಚರ ಬೇಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಬೆಳಗಿನ ಹೊತ್ತು ಮಾತ್ರ ಸೂಕ್ತ. ಮೂರ್ಛೆಗೆ ಕೊಡುವ ಟೋಪಿರಮೇಟ್, ಜೋನಿಸಮೈಡ್ ಮಾತ್ರೆಗಳು ಕೆಲವು ಮಕ್ಕಳಲ್ಲಿ ಬೆವರುವಿಕೆಯನ್ನೇ ಕುಗ್ಗಿಸುತ್ತವೆ. ಮೈ ಕಾದು ಕೆಂಪಾಗಿ, ಬೆವರಿಲ್ಲದಿದ್ದರೆ ಕೂಡಲೇ ನೆರಳಿಗೆ ತಂದು ಮೈ ತಂಪು ಮಾಡಿ ವೈದ್ಯರಿಗೆ ತೋರಿಸಬೇಕು. ಮಾತ್ರೆಯನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು.

ವೆಚ್ಚದ ವಿಚಾರಕ್ಕೆ ಬಂದರೆ, ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯಗಳೂ ಸೇರಿವೆ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಮಾಡಿಸಿಕೊಂಡರೆ ಹಲವು ಸೌಲಭ್ಯಗಳಿಗೆ ದಾರಿಯಾಗುತ್ತದೆ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯು 1 ಲಕ್ಷ ರೂಪಾಯಿವರೆಗಿನ ಮಿತಿಯೊಳಗೆ ಥೆರಪಿ ಖರ್ಚನ್ನೂ ಭರಿಸುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಮ್ಮೆ ತಪಾಸಣಾ ತಂಡ ಬರಬೇಕು. ಕಮಲಾಪುರದ ಸುತ್ತಲ ಹಳ್ಳಿಗಳ ಪಾಲಕರು ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳದೆ ತೋರಿಸುವುದು ಒಳ್ಳೆಯದು.

ಪ್ರಶ್ನೆ: ಯಾವ ಮಕ್ಕಳು ವೈದ್ಯರ ಒಪ್ಪಿಗೆಯಿಲ್ಲದೆ ಕೊಳಕ್ಕೆ ಇಳಿಯಬಾರದು?

ಉತ್ತರ: ಮೂರ್ಛೆ ಇರುವವರು ಮೊದಲಿಗರು. ಇತರರಿಗೆ ಹೋಲಿಸಿದರೆ ಇವರು ನೀರಿನಲ್ಲಿ ಮುಳುಗಿ ಸಾಯುವ ಅಪಾಯ 15ರಿಂದ 19 ಪಟ್ಟು ಹೆಚ್ಚು. ಹಾಗೆಂದು ಈಜು ನಿಷಿದ್ಧವಲ್ಲ. ಫಿಟ್ಸ್ ಹಿಡಿತದಲ್ಲಿದ್ದು, ಆ ದಿನದ ಮಾತ್ರೆ ತಪ್ಪದಿದ್ದು, ಒಬ್ಬರು ಕೈಯಳತೆಯಲ್ಲೇ ಇದ್ದರೆ ಇಳಿಯಬಹುದು. ನೀರಿನಲ್ಲಿ ಫಿಟ್ಸ್ ಬಂದರೆ ಹಿಂದಿನಿಂದ ತಲೆ ಹಿಡಿದು ಮುಖವನ್ನು ನೀರಿನ ಮೇಲಿರಿಸಬೇಕು, ಆದಷ್ಟು ಬೇಗ ದಡಕ್ಕೆ ತಂದು ಮಗ್ಗುಲಿಗೆ ಮಲಗಿಸಬೇಕು. ಬಾಯಿಗೆ ಚಮಚ, ಕೈಗೆ ಕಬ್ಬಿಣ ಕೊಡುವುದು ಬೇಡ.

ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕತ್ತಿನ ಮೇಲಿನ ಎರಡು ಮೂಳೆಗಳ ಸಂದು ಸಡಿಲವಿರಬಹುದು. ಅವರು ತಲೆಕೆಳಗಾಗಿ ಧುಮುಕಬಾರದು. ಕತ್ತು ನೋವು, ನಡಿಗೆಯಲ್ಲಿ ಬದಲಾವಣೆ, ಹೊಸದಾಗಿ ಮೂತ್ರದ ಹಿಡಿತ ತಪ್ಪುವುದು ಕಂಡರೆ ತಡಮಾಡದೆ ತೋರಿಸಬೇಕು. ಇವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುವುದರಿಂದ ಅದರ ಪರೀಕ್ಷೆಯೂ ಆಗಿರಬೇಕು. ಉಸಿರಾಟಕ್ಕೆ ಕುತ್ತಿಗೆಯಲ್ಲಿ ಕೊಳವೆ ಇರುವವರಿಗೆ ಕೊಳ ಸಲ್ಲದು. ಕಿವಿ ತಮಟೆ ತೂತಾಗಿರುವವರು ಕಿವಿ ವೈದ್ಯರನ್ನು ಕೇಳಬೇಕು. ಕಾಕ್ಲಿಯರ್ ಇಂಪ್ಲಾಂಟ್ ಇದ್ದರೆ ಹೊರಗಿನ ಯಂತ್ರ ತೆಗೆದಿಟ್ಟು ಇಳಿಯಬೇಕು. ಆಗ ಮಗುವಿಗೆ ಏನೂ ಕೇಳಿಸದು, ಕೈಸನ್ನೆಯನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಪ್ರಶ್ನೆ: ಈಜು ಕಲಿತ ಮೇಲೆ ಮಗು ಸುರಕ್ಷಿತವೇ?

ಉತ್ತರ: ಪೂರ್ತಿ ಅಲ್ಲ. ಆಟಿಸಂ ಇರುವ ಮಕ್ಕಳಿಗೆ ನೀರಿನ ಸೆಳೆತ ಹೆಚ್ಚು, ಹೇಳದೆ ಮನೆಯಿಂದ ಹೊರಟುಬಿಡುವ ಸ್ವಭಾವವೂ ಹಲವರಿಗಿದೆ. ನೀರು ಹಿಡಿದಿಡುವ ಸಂಪಿನ ಮುಚ್ಚಳಕ್ಕೆ ಬೀಗ ಬೇಕು. ಊರ ಹೊರಗಿನ ಬಾವಿ, ಶಹಾಬಾದ್ ಕಲ್ಲು ತೆಗೆದು ಬಿಟ್ಟ ಗಣಿಗಳಲ್ಲಿ ನಿಂತ ನೀರು ಇನ್ನೂ ಅಪಾಯಕಾರಿ. ಮಗು ಕಾಣೆಯಾದರೆ ಹತ್ತಿರದ ನೀರನ್ನೇ ಮೊದಲು ಹುಡುಕಬೇಕು. ನೆರೆಹೊರೆಯವರಿಗೆ ಮಗುವಿನ ಸ್ವಭಾವ ಮೊದಲೇ ತಿಳಿಸಿಟ್ಟರೆ ಹುಡುಕಾಟಕ್ಕೆ ಹತ್ತು ಜನ ಕೂಡಲೇ ಸಿಗುತ್ತಾರೆ.

ಮುಳುಗಿದ ಮಗುವನ್ನು ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಈಗಲೂ ನಡೆಯುತ್ತಿದೆ. ಇದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಬೆಲೆಬಾಳುವ ಹೊತ್ತೂ ಕಳೆದುಹೋಗುತ್ತದೆ. ಉಸಿರಾಟ ನಿಂತಿದ್ದರೆ ಅಂಗಾತ ಮಲಗಿಸಿ, ಗದ್ದವೆತ್ತಿ, ಬಾಯಿಗೆ ಬಾಯಿಟ್ಟು ಐದು ಬಾರಿ ಉಸಿರು ಕೊಡಬೇಕು. ಚೇತರಿಕೆ ಕಾಣದಿದ್ದರೆ ಎದೆಯ ನಡುವೆ 30 ಬಾರಿ ಒತ್ತಿ 2 ಉಸಿರು, ಮತ್ತೆ ಅದೇ ಕ್ರಮ. ಜೊತೆಗಿದ್ದವರು 108ಕ್ಕೆ ಕರೆ ಮಾಡಬೇಕು. ಮಗು ಎದ್ದು ಕುಳಿತು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಉಸಿರಾಟದ ತೊಂದರೆ ಕೆಲವು ಗಂಟೆಗಳ ನಂತರವೂ ಉಲ್ಬಣಿಸಬಹುದು.