ಬೆಚ್ಚಿಬೀಳಿಸುವ ದೃಶ್ಯ, ಬೆನ್ನು ಬಿಡದ ಪ್ರಶ್ನೆ

ಕಳೆದ ದಸರಾ ರಜೆಯಲ್ಲಿ ನಾವು ಖಾಲಾ ಮನೆಗೆ ಹೋಗಿದ್ದೆವು. ರಾತ್ರಿ ದೊಡ್ಡವರೆಲ್ಲ ಮಲಗಿದ ಮೇಲೆ ನಾನು ಮತ್ತು ಖಾಲಾ ಮಗಳು ಮೊಬೈಲಿನಲ್ಲಿ ಒಂದು ಥ್ರಿಲ್ಲರ್ ಸಿನಿಮಾ ನೋಡಿದೆವು. ಮೊಬೈಲ್ ನನ್ನದು, ಸಿನಿಮಾ ಆರಿಸಿದ್ದೂ ನಾನೇ. ಒಂಬತ್ತು ವರ್ಷದ ನನ್ನ ತಮ್ಮ ನಿದ್ದೆ ಹೋಗಿದ್ದಾನೆ ಎಂದುಕೊಂಡಿದ್ದೆವು. ಆದರೆ ಅವನು ಚಾದರದ ಸಂದಿಯಿಂದ ಎಲ್ಲವನ್ನೂ ನೋಡುತ್ತಿದ್ದ. ಆಮೇಲೆ ಮೂರು ದಿನ ಒಬ್ಬನೇ ಬಚ್ಚಲಿಗೆ ಹೋಗಲಿಲ್ಲ. "ಇವನಿಗೆ ಏನು ತೋರಿಸಿದಿರಿ?" ಎಂದು ಅಮ್ಮಿ ಕೇಳಿದಾಗ ನಾನು ಸುಮ್ಮನಿದ್ದೆ. ಬೈಗುಳ ಖಾಲಾ ಮಗಳಿಗೆ ಬಿತ್ತು.

ಇದರಲ್ಲಿ ಎರಡು ವಿಷಯಗಳಿವೆ. ಒಂದು ನನ್ನ ತಮ್ಮನಿಗೆ ಆದ ಭಯ, ಇನ್ನೊಂದು ನನ್ನ ಮೌನ. ಥ್ರಿಲ್ಲರ್ ಸಿನಿಮಾಗಳಲ್ಲಿಯೂ ಹೀಗೇ ಎರಡು ಅಂಶಗಳಿರುತ್ತವೆ. ಮೊದಲನೆಯದು ಆಘಾತ, ಎರಡನೆಯದು ನೈತಿಕ ಸಂಘರ್ಷ. ಇವುಗಳ ವ್ಯತ್ಯಾಸವನ್ನು ಎರಡು ಸಿನಿಮಾಗಳ ಮೂಲಕ ತಿಳಿಯೋಣ. ಕಥೆಯ ಗುಟ್ಟು ಹೇಳಲೇಬೇಕಾಗುತ್ತದೆ, ನೋಡದವರು ಕ್ಷಮಿಸಿ.

ಆಘಾತ ಎಂದರೇನು?

ಆಲ್ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ 'ಸೈಕೋ' 1960ರಲ್ಲಿ ತೆರೆಕಂಡಿತು. ಮರಿಯನ್ ಎಂಬ ಯುವತಿ ಕಚೇರಿಯ 40,000 ಡಾಲರ್ ಕದ್ದು ಓಡಿಹೋಗುತ್ತಾಳೆ. ರಾತ್ರಿ ಒಂದು ಮೋಟೆಲಿನಲ್ಲಿ ತಂಗುತ್ತಾಳೆ. ಅಲ್ಲಿ ಸ್ನಾನದ ಕೋಣೆಯಲ್ಲಿ ಅವಳ ಕೊಲೆಯಾಗುತ್ತದೆ. ಕಥಾನಾಯಕಿ ಎಂದು ನಾವು ನಂಬಿದವಳು ಅರ್ಧ ಸಿನಿಮಾದೊಳಗೇ ಸತ್ತದ್ದು ಆ ಕಾಲದ ಪ್ರೇಕ್ಷಕರಿಗೆ ದೊಡ್ಡ ಆಘಾತ.

ಈ ಕೊಲೆಯ ದೃಶ್ಯ ಸುಮಾರು 45 ಸೆಕೆಂಡು ಮಾತ್ರ. ಅಷ್ಟಕ್ಕೆ ಚಿತ್ರೀಕರಣ ಏಳು ದಿನ ನಡೆಯಿತು. ಚಿತ್ರ ಕಪ್ಪು ಬಿಳುಪು, ರಕ್ತವಾಗಿ ಬಳಸಿದ್ದು ಚಾಕೊಲೇಟ್ ಸಿರಪ್. ಚಾಕು ಮೈಯೊಳಗೆ ಇಳಿಯುವುದನ್ನು ಕ್ಯಾಮೆರಾ ಎದುರಿಗಿಟ್ಟು ತೋರಿಸುವುದಿಲ್ಲ. ಚಕಚಕನೆ ಬದಲಾಗುವ ಚಿತ್ರಗಳು ಮತ್ತು ಬರ್ನಾರ್ಡ್ ಹರ್ಮನ್ ಅವರ ಪಿಟೀಲುಗಳ ಕಿರುಚಾಟ ನಮ್ಮ ಮನಸ್ಸಿನಲ್ಲಿ ಉಳಿದದ್ದನ್ನು ತುಂಬಿಸುತ್ತವೆ.

ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಲೆಕ್ಕವನ್ನೂ ನೋಡಬೇಕು. ಈ ಸಿನಿಮಾದ ವೆಚ್ಚ ಸುಮಾರು 8 ಲಕ್ಷ ಡಾಲರ್, ಹಾಲಿವುಡ್ ಮಟ್ಟಕ್ಕೆ ಅದು ಸಣ್ಣ ಬಂಡವಾಳ. ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಎಂದು ಹಿಚ್‌ಕಾಕ್ ಚಿತ್ರಮಂದಿರಗಳಿಗೆ ನಿಯಮ ಮಾಡಿದರು. ಆ ನಿಯಮವೇ ಜಾಹೀರಾತಾಯಿತು, ಜನ ಸಾಲುಗಟ್ಟಿ ನಿಂತರು. ಅಂದರೆ ಆಘಾತವೂ ಮಾರಾಟವಾಗುವ ಸರಕು.

ಇಳಿಮುಖ ತುಷ್ಟಿಗುಣ

ಆದರೆ ಈ ಸರಕಿಗೆ ಒಂದು ದೋಷವಿದೆ. ಅರ್ಥಶಾಸ್ತ್ರದಲ್ಲಿ ನಾವು ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಓದಿದ್ದೇವೆ. ರಂಜಾನಿನಲ್ಲಿ ಉಪವಾಸ ಬಿಡುವಾಗ ಮೊದಲ ಲೋಟ ಶರಬತ್ತು ಕೊಡುವ ತೃಪ್ತಿಯನ್ನು ಮೂರನೆಯ ಲೋಟ ಕೊಡುವುದಿಲ್ಲ. ಆಘಾತವೂ ಹಾಗೆಯೇ. ಮೊದಲ ಸಲ ಕಿರುಚಿದವರು ಮೂರನೆಯ ಸಲ ಚುರುಮುರಿ ತಿನ್ನುತ್ತಾ ನೋಡುತ್ತಾರೆ. ಆಗ ಸಿನಿಮಾ ಮಾಡುವವರು ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಇನ್ನಷ್ಟು ರಕ್ತ, ಇನ್ನಷ್ಟು ಚಿತ್ರಹಿಂಸೆ. ಬರೀ ಆಘಾತವನ್ನೇ ನಂಬಿದ ಸಿನಿಮಾಗಳು ಈ ಸುಳಿಯಲ್ಲಿ ಸಿಕ್ಕಿಕೊಳ್ಳುತ್ತವೆ.

ನೈತಿಕ ಸಂಘರ್ಷ ಎಂದರೇನು?

'ಸೈಕೋ' ಇಂದಿಗೂ ಉಳಿದಿರುವುದಕ್ಕೆ ಕೊಲೆಯ ದೃಶ್ಯವೊಂದೇ ಕಾರಣವಲ್ಲ ಎಂಬುದು ನನ್ನ ಅಭಿಪ್ರಾಯ. ಅದರ ನಂತರದ ಭಾಗವನ್ನು ಗಮನಿಸಿ. ಮೋಟೆಲಿನ ಹುಡುಗ ನಾರ್ಮನ್ ರಕ್ತ ತೊಳೆದು, ಶವವನ್ನು ಕಾರಿನಲ್ಲಿಟ್ಟು, ಕಾರನ್ನು ಕೆಸರಿನ ಹೊಂಡಕ್ಕೆ ತಳ್ಳುತ್ತಾನೆ. ಕಾರು ಮುಳುಗುತ್ತಾ ಮುಳುಗುತ್ತಾ ನಡುವೆ ಒಂದು ಕ್ಷಣ ನಿಂತುಬಿಡುತ್ತದೆ. ಆಗ ನನ್ನ ಉಸಿರೂ ನಿಂತಿತು. "ಮುಳುಗಲಿ" ಎಂದು ನಾನು ಬಯಸಿದೆ! ಸತ್ತವಳಿಗಾಗಿ ಮರುಗಬೇಕಾದ ನಾನು ಸಾಕ್ಷ್ಯ ಬಚ್ಚಿಡುವವನ ಪರವಾಗಿದ್ದೆ. ಕೊನೆಯಲ್ಲಿ ಕೊಲೆಗಾರ ಅವನೇ ಎಂದು ಗೊತ್ತಾದಾಗ ನನಗೇ ನಾಚಿಕೆಯಾಯಿತು. ಇದೇ ನೈತಿಕ ಸಂಘರ್ಷ. ಪರದೆಯ ಮೇಲಿನವರ ತಪ್ಪನ್ನು ತೋರಿಸುತ್ತಲೇ ಅದು ನಮ್ಮ ಒಲವನ್ನೂ ಪರೀಕ್ಷಿಸುತ್ತದೆ.

'ದೃಶ್ಯ'ದ ಉದಾಹರಣೆ

ನಮಗೆ ಹತ್ತಿರದ ಉದಾಹರಣೆ ರವಿಚಂದ್ರನ್ ನಟಿಸಿ, ಪಿ. ವಾಸು ನಿರ್ದೇಶಿಸಿದ 'ದೃಶ್ಯ' (2014). ಇದು ಜೀತು ಜೋಸೆಫ್ ಅವರ ಮಲಯಾಳಂ 'ದೃಶ್ಯಂ' (2013) ಚಿತ್ರದ ಕನ್ನಡ ರೂಪ. ಕೇಬಲ್ ಟಿವಿ ನಡೆಸುವ ರಾಜೇಂದ್ರ ಪೊನ್ನಪ್ಪನ ಮಗಳನ್ನು ಒಬ್ಬ ಹುಡುಗ ಗುಟ್ಟಾಗಿ ತೆಗೆದ ವಿಡಿಯೊ ಇಟ್ಟುಕೊಂಡು ಬೆದರಿಸುತ್ತಾನೆ. ಜಗಳದಲ್ಲಿ ಮಗಳಿಂದ ಏಟು ಬಿದ್ದು ಅವನು ಸಾಯುತ್ತಾನೆ. ಅವನು ಪೊಲೀಸ್ ಐಜಿ ರೂಪಾ ಅವರ ಒಬ್ಬನೇ ಮಗ. ಸಿನಿಮಾಗಳನ್ನು ನೋಡಿ ನೋಡಿ ಕಲಿತ ಬುದ್ಧಿಯಿಂದ ರಾಜೇಂದ್ರ ಸುಳ್ಳು ಸಾಕ್ಷ್ಯಗಳನ್ನು ಒಂದೊಂದಾಗಿ ಜೋಡಿಸುತ್ತಾನೆ.

ಇಲ್ಲಿಯೂ ಆಘಾತವಿದೆ. ಪೊಲೀಸರು ಪುಟ್ಟ ಮಗಳನ್ನೂ ಬಿಡದೆ ಹೊಡೆಯುವ ದೃಶ್ಯವನ್ನು ನೋಡುವುದು ಕಷ್ಟ. ಆದರೆ ಆ ದೃಶ್ಯಕ್ಕೆ ಕೆಲಸವಿದೆ. ಅದನ್ನು ನೋಡಿದ ಮೇಲೆ ರಾಜೇಂದ್ರನ ಸುಳ್ಳು ನಮಗೆ ಸುಳ್ಳೆನಿಸುವುದಿಲ್ಲ.

ನಾನು ಯೋಚಿಸಿದ್ದು ರೂಪಾ ಅವರ ಬಗ್ಗೆ. ಅವರು ಕ್ರೂರಿಯಾಗುವುದು ಮಗನಿಗಾಗಿ. ರಾಜೇಂದ್ರ ಸುಳ್ಳು ಹೇಳುವುದು ಮಗಳಿಗಾಗಿ. ಇಬ್ಬರಿಗೂ ಇರುವುದು ಒಂದೇ ಪ್ರೀತಿ. ಹಾಗಾದರೆ ಒಬ್ಬರಿಗೆ ಚಪ್ಪಾಳೆ, ಇನ್ನೊಬ್ಬರಿಗೆ ಶಾಪ ಏಕೆ? ಕ್ಯಾಮೆರಾ ರಾಜೇಂದ್ರನ ಮನೆಯೊಳಗಿತ್ತು, ಅದಕ್ಕೇ ಅಲ್ಲವೇ? ಕಾನೂನು ಆತ್ಮರಕ್ಷಣೆಗೆ ಅವಕಾಶ ಕೊಡುತ್ತದೆ, ಆದರೆ ಸಾಕ್ಷ್ಯ ನಾಶ ಬೇರೆಯೇ ಅಪರಾಧ. ಕೊನೆಯಲ್ಲಿ ರಾಜೇಂದ್ರ ಆ ತಂದೆತಾಯಿಯ ಮುಂದೆ ನಿಂತು ಕ್ಷಮೆ ಕೇಳುತ್ತಾನೆ. ಗೆದ್ದವನು ತಲೆತಗ್ಗಿಸುವ ಆ ನಿಮಿಷದಲ್ಲಿ ರಕ್ತವಿಲ್ಲ, ಕಿರುಚಾಟವಿಲ್ಲ. ಆದರೂ ಇಡೀ ಸಿನಿಮಾದಲ್ಲಿ ಅದೇ ಭಾರವಾದದ್ದು.

ಒಂದು ಮಾತು ಹೇಳಲೇಬೇಕು. ಅಂಥ ಬೆದರಿಕೆ ನಿಜವಾಗಿ ಯಾರಿಗಾದರೂ ಬಂದರೆ ಸಿನಿಮಾದ ದಾರಿ ಬೇಡ. ಮನೆಯಲ್ಲಿ ಅಥವಾ ಮೇಡಂ ಬಳಿ ಹೇಳಿ. ಮಕ್ಕಳ ಸಹಾಯವಾಣಿ 1098 ಇದೆ.

ನೋಡುವ ಮುನ್ನ, ನೋಡಿದ ಮೇಲೆ

ಸಿನಿಮಾ ಪ್ರಮಾಣೀಕರಣದಲ್ಲಿ 'ಎ' ಎಂದರೆ 18 ದಾಟಿದವರಿಗೆ ಮಾತ್ರ. 2023ರ ತಿದ್ದುಪಡಿಯ ನಂತರ 'ಯುಎ'ಯಲ್ಲಿಯೂ 7+, 13+, 16+ ಎಂಬ ವಿಭಾಗಗಳಿವೆ. ಚಿತ್ರಮಂದಿರದ ಬಾಗಿಲಲ್ಲಿ ಕಾವಲುಗಾರ ಇರುತ್ತಾನೆ. ಮೊಬೈಲಿಗೆ ನಾವೇ ಕಾವಲುಗಾರರು, ಪಕ್ಕದಲ್ಲಿ ಮಲಗಿದ ಚಿಕ್ಕವರಿಗೂ ಸೇರಿ. ನಾನು ಆ ಕೆಲಸದಲ್ಲಿ ಫೇಲಾದೆ.

ಸಿನಿಮಾ ಮುಗಿದ ಮೇಲೆ ಈ ಮೂರು ಪ್ರಶ್ನೆ ಕೇಳಿಕೊಳ್ಳಿ:

1. ಭಯಾನಕ ದೃಶ್ಯವನ್ನು ತೆಗೆದುಹಾಕಿದರೆ ಕಥೆ ಬದಲಾಗುತ್ತದೆಯೇ?
2. ಸತ್ತವರು ಕಥೆಯಲ್ಲಿ ಮನುಷ್ಯರಾಗಿ ಕಂಡರೇ, ಬರೀ ಹೆಣವಾಗಿಯೇ?
3. ನಾನು ಯಾರ ಪರ ನಿಂತೆ, ಏಕೆ?

ಮೂರನೆಯ ಪ್ರಶ್ನೆ ನನ್ನನ್ನು ಖಾಲಾ ಮನೆಗೆ ವಾಪಸ್ ಕರೆದೊಯ್ದಿತು. ಕನ್ನಡದಲ್ಲಿ ಅಂತಃಸಾಕ್ಷಿ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಜಮೀರ್ ಎನ್ನುತ್ತಾರೆ. ಅದು ಸುಮ್ಮನಿರಲಿಲ್ಲ. ಈ ಲೇಖನ ಬರೆಯುವ ಮುಂಚೆ ಅಮ್ಮಿಗೆ ನಿಜ ಹೇಳಿದೆ. ಅಮ್ಮಿ ಬೈಯಲಿಲ್ಲ. "ನನಗೆ ಹೇಳಿ ಏನು ಪ್ರಯೋಜನ? ಬೈಸಿಕೊಂಡವಳಿಗೆ ಹೇಳು" ಎಂದು ಫೋನ್ ಕೈಗೆ ಕೊಟ್ಟರು.