ವಿಮಾನವೇರಿದ ಬೈಸಿಕಲ್ಲು

ಬೈಸಿಕಲ್ಲಿಗೂ ವಿಮಾನಕ್ಕೂ ಇರುವ ನಂಟು ಹಳೆಯದು. 1903ರಲ್ಲಿ ಯಂತ್ರಬಲದ ವಿಮಾನವನ್ನು ಹಾರಿಸಿದ ರೈಟ್ ಸಹೋದರರು ಅಮೆರಿಕದ ಡೇಟನ್ ನಗರದಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದವರು. ಎಂಜಿನಿನ ಬಲವನ್ನು ಪ್ರೊಪೆಲರಿಗೆ ಮುಟ್ಟಿಸಲು ಅವರು ಬಳಸಿದ್ದೂ ಚೈನು ಮತ್ತು ಹಲ್ಲುಚಕ್ರಗಳನ್ನೇ. ಹೀಗಿದ್ದರೂ ಇಂದು ಬೈಸಿಕಲ್ಲನ್ನು ವಿಮಾನದಲ್ಲಿ ಒಯ್ಯುವುದು ಸುಲಭದ ಮಾತಲ್ಲ.

ನಮ್ಮ ವಿಜಯಪುರ, ಬಾಗಲಕೋಟೆಗಳ ಸೀಮೆ ಸೈಕಲ್ ಪಟುಗಳಿಗೆ ಹೆಸರಾದುದು. ಕಳೆದ ವರ್ಷ ನಮ್ಮೂರಿನ ಪಟುವೊಬ್ಬನು ದೂರದ ಸ್ಪರ್ಧೆಗೆ ವಿಮಾನದಲ್ಲಿ ಹೊರಟಾಗ, ಸೈಕಲ್ಲನ್ನು ಬಿಚ್ಚಿ ಕಟ್ಟುವ ಕೆಲಸ ನಮ್ಮ ತಂದೆಯವರ ರಿಪೇರಿ ಅಂಗಡಿಗೆ ಬಂತು. ಸಾಲ ಮಾಡಿ ಕೊಂಡ ಸೈಕಲ್ಲು ಅದು. ಒಂದು ಭಾಗ ಬಾಗಿದರೂ ಅವನ ವರ್ಷದ ಶ್ರಮವೆಲ್ಲ ವ್ಯರ್ಥ. ಶಾಲೆಯ ಮೆಟ್ಟಿಲು ಹತ್ತದ ತಂದೆಯವರು, “ತಮ್ಮಾ, ನೇಮ ಏನೇನ್ ಅದಾವ, ಓದಿ ಹೇಳು” ಎಂದರು. ಹಾಗೆ ಓದಿ ತಿಳಿದುದನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಮೊದಲನೆಯದು ಅಳತೆ. ಅನೇಕ ವಿಮಾನ ಕಂಪನಿಗಳು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳ ಮೊತ್ತ 158 ಸೆಂಟಿಮೀಟರ್ ಮೀರಬಾರದೆನ್ನುತ್ತವೆ. ಸೈಕಲ್ಲಿನ ಪೆಟ್ಟಿಗೆ ಸಾಮಾನ್ಯವಾಗಿ ಇದನ್ನು ಮೀರುವುದು. ಆದುದರಿಂದ ಮುಂಚಿತವಾಗಿಯೇ ತಿಳಿಸಿ, ಶುಲ್ಕವನ್ನು ವಿಚಾರಿಸಬೇಕು.

ಎರಡನೆಯದು ಟೈರು. ಮೇಲೆ ಹೋದಂತೆ ಟೈರು ಸಿಡಿಯುವುದೆಂದು ಹಲವರ ಭಯ. ಪ್ರಯಾಣಿಕರ ಜೆಟ್ ವಿಮಾನದ ಸಾಮಾನಿನ ಕೋಣೆಯಲ್ಲಿಯೂ ಗಾಳಿಯ ಒತ್ತಡವನ್ನು ಕಾಯ್ದಿರಿಸುತ್ತಾರೆ. ಅದು ಹೆಚ್ಚೆಂದರೆ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು. ಸಮುದ್ರಮಟ್ಟದಲ್ಲಿ ಚದರ ಅಂಗುಲಕ್ಕೆ 14.7 ಪೌಂಡು ಇರುವ ಒತ್ತಡ ಅಲ್ಲಿ ಸುಮಾರು 11 ಪೌಂಡು. ಅಂದರೆ 100 ಪೌಂಡು ಗಾಳಿ ಹಿಡಿದ ಟೈರಿಗೆ ಹೆಚ್ಚುವ ಭಾರ 4 ಪೌಂಡಿನಷ್ಟು ಮಾತ್ರ. ಆದರೂ ಕಂಪನಿ ಕೇಳಿದರೆ ಗಾಳಿ ಇಳಿಸುವುದೇ ಲೇಸು. ವಾದದಿಂದ ವಿಮಾನ ತಪ್ಪೀತು.

ಮೂರನೆಯದು ಬೆಂಕಿಯ ಭಯ. ದೀಪದ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿ ಒಯ್ಯಬೇಕು. 160 ವಾಟ್-ಗಂಟೆ ಮೀರಿದ ಬ್ಯಾಟರಿಯನ್ನು ಪ್ರಯಾಣಿಕನು ಒಯ್ಯುವಂತೆಯೇ ಇಲ್ಲ. ವಿದ್ಯುತ್ ಸೈಕಲ್ಲುಗಳ ಬ್ಯಾಟರಿಗಳು ಬಹುಮಟ್ಟಿಗೆ ಈ ಮಿತಿಯನ್ನು ಮೀರಿದವು. ಪಾನಾಗಳಾದರೋ ಪೆಟ್ಟಿಗೆಯಲ್ಲೇ ಇರಬೇಕು.

ತಂದೆಯವರು ರೂಢಿಯಂತೆ ಪಂಕ್ಚರಿನ ಸಲ್ಯೂಷನ್ ಟ್ಯೂಬನ್ನೂ ಇಟ್ಟಿದ್ದರು. ಹೊತ್ತಿಕೊಳ್ಳುವ ಅಂಟು ನಿಷಿದ್ಧವೆಂದು ಓದಿದ್ದ ನಾನು ಅದನ್ನು ತೆಗೆಸಿದೆ. ಆದರೆ ಎಡಗಡೆಯ ಪೆಡಲು ಬಿಚ್ಚಲು ಹೋಗಿ ನಾನು ಅದನ್ನು ಇನ್ನಷ್ಟು ಬಿಗಿ ಮಾಡಿದ್ದೆ. ಎಡ ಪೆಡಲಿನ ತಿರುಪು ಎದುರು ದಿಕ್ಕಿನದೆಂದು ತೋರಿಸಿಕೊಟ್ಟವರು ತಂದೆಯವರು. ಚಕ್ರ ತೆಗೆದ ಫೋರ್ಕಿನ ಕಾಲುಗಳು ಒತ್ತಿ ಬಾಗದಂತೆ ನಡುವೆ ಮರದ ತುಂಡನ್ನು ಕೂರಿಸಿದವರೂ ಅವರೇ. ನಾನು ಓದಿದ ಯಾವ ನಿಯಮದಲ್ಲಿಯೂ ಆ ತುಂಡಿನ ಮಾತಿರಲಿಲ್ಲ.

ಆ ಪಟುವಿಗೆ ಪದಕ ಬರಲಿಲ್ಲ. ಸೈಕಲ್ಲು ಮಾತ್ರ ಕೆಡದೆ ಹೋಗಿ, ಕೆಡದೆ ಬಂತು. ಓದು ನಿಯಮವನ್ನು ತಿಳಿಸುತ್ತದೆ, ಕೈಕೆಲಸ ವಸ್ತುವನ್ನು ತಿಳಿಸುತ್ತದೆ. ಒಂದೇ ಇದ್ದಿದ್ದರೆ ಆ ಪೆಟ್ಟಿಗೆ ಕ್ಷೇಮವಾಗಿ ಮುಟ್ಟುತ್ತಿರಲಿಲ್ಲವೆಂದು ನನ್ನ ನಂಬಿಕೆ.